ಅಟ್ಟ ಹತ್ತದ ಮೂರನೆಯವನು

ನಾನು ಬರೆದ ಕಥೆಗಳಲ್ಲಿ ಜನ ಓದಿರುವುದು ಒಂದನ್ನೇ. ಅದರಲ್ಲಿ ಒಂದು ಸುಳ್ಳಿದೆ. ಕಥೆಯಲ್ಲಿ ಸುಳ್ಳಿದ್ದರೆ ತಪ್ಪಿಲ್ಲ ಎಂದು ತುರುವೇಕೆರೆಯ ತರಗತಿಯಲ್ಲಿ ವರ್ಷಕ್ಕೊಮ್ಮೆಯಾದರೂ ಹೇಳುವವನು ನಾನೇ. ಹೇಳಿ, ಬೋರ್ಡ್ ಒರೆಸಿ, ಕೈ ಕೊಡವಿಕೊಂಡು ಮುಂದಿನ ಪಾಠಕ್ಕೆ ಹೋಗುತ್ತೇನೆ. ಆದರೆ ಇದು ಆ ಬಗೆಯದಲ್ಲ. ಇದು ಒಬ್ಬ ಮನುಷ್ಯನನ್ನು ತೆಗೆದುಹಾಕಿದ ಸುಳ್ಳು.

ಕಥೆ ಇಷ್ಟು. ನದಿ ನೀರಿನ ಗಲಾಟೆಯ ವರ್ಷ, ನಮ್ಮ ಕಡೆಯ ಒಂದು ತೆಂಗಿನ ತೋಟದಲ್ಲಿ ತಮಿಳುನಾಡಿನ ಬೋರ್‌ವೆಲ್ ಲಾರಿ ನಿಂತಿದೆ. ತಮಿಳರು ಎಲ್ಲಿದ್ದಾರೆ ಎಂದು ಹುಡುಕಿಕೊಂಡು ಊರಿನ ಏಳು ಗಂಡಸರು ಬರುತ್ತಾರೆ. ಮನೆಯ ಹೆಂಗಸು ಲಾರಿಯ ಇಬ್ಬರನ್ನೂ ಕೊಬ್ಬರಿ ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದಿಟ್ಟಿದ್ದಾಳೆ. ಗುಂಪು ನಡುಮನೆಯಲ್ಲಿ ನಿಂತಿರುವಾಗ ಮೇಲೆ ಯಾರೋ ಕಾಲು ಸರಿಸುತ್ತಾರೆ. ಕಾಯಿ ಉರುಳುತ್ತದೆ, ಲೊಡಲೊಡ ಸದ್ದಾಗುತ್ತದೆ. ಕೆಳಗಿರುವವರೆಲ್ಲ ತೆಂಗಿನವರೇ, ಆ ಸದ್ದಿನ ಅರ್ಥ ತಿಳಿಯದವನು ಅಲ್ಲಿ ಒಬ್ಬನೂ ಇಲ್ಲ. ಆದರೂ ಗುಂಪಿನ ಮುಂದಾಳು ಏನೂ ಕೇಳಿಸದವನಂತೆ ತಿರುಗಿ ಹೊರಡುತ್ತಾನೆ. ಗಾಳಿಯಲ್ಲಿ ಸುಟ್ಟ ಟೈರಿನ ವಾಸನೆ. ಮುಗಿಯಿತು.

ಅಟ್ಟದ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು. ನಾವು ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ತುಂಬಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು ಗುಂಡಗೆ ಗಿಟುಕಾಗುತ್ತದೆ. ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಹೊಸ ಕಾಯಿಗೆ ಈ ಸದ್ದಿಲ್ಲ. ಕಥೆಯ ಆ ಮನೆ ನಮ್ಮದೇ. ನಮ್ಮ ಅಟ್ಟದಲ್ಲಿ ಎಡಕ್ಕೆ ಹೊಸದು, ಬಲಕ್ಕೆ ಹಳೆಯದು. ಇಬ್ಬರನ್ನು ಬಲಕ್ಕೆ ಹೋಗಿ ಎಂದು ಕಳಿಸಿದವನು ನಾನು. ಅಲ್ಲಿ ಸೂರು ಎತ್ತರ, ಆರಾಮವಾಗಿ ಕೂರಬಹುದು ಅಂದುಕೊಂಡೆ. ಹುಟ್ಟಿದಾರಭ್ಯ ಆ ಅಟ್ಟದ ಕೆಳಗೆ ಮಲಗಿದವನು, ಬಂದ ನೆಂಟರಿಗೆ ಒಳ್ಳೆಯ ಜಾಗ ತೋರಿಸುವ ಹಾಗೆ, ಸದ್ದು ಮಾಡುವ ಕಾಯಿಯ ಮೇಲೆ ಅವರನ್ನು ಕೂರಿಸಿದೆ. ಕಥೆಯಲ್ಲಿ ಈ ತಪ್ಪನ್ನು ಆ ಹೆಂಗಸಿನ, ಎಂದರೆ ನನ್ನ ತಾಯಿಯ, ಗಾಬರಿಗೆ ಕೊಟ್ಟಿದ್ದೇನೆ.

ಕಥೆ ಒಂದೆರಡು ಸಂಕಲನಗಳಿಗೆ ಸೇರಿತು. ಕಳೆದ ವರ್ಷ ತಮಿಳಿಗೂ ಹೋಯಿತು. ಅದಾದ ಕೆಲವು ತಿಂಗಳಿಗೆ ಒಂದು ಮಧ್ಯಾಹ್ನ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ತೆರೆಯುತ್ತಿದ್ದಾಗ, ಬೋರ್ ಲಾರಿಯ ಮೇಸ್ತ್ರಿಯ ಫೋನ್ ಬಂತು. ಅಟ್ಟದಲ್ಲಿ ಕೂತಿದ್ದ ಇಬ್ಬರಲ್ಲಿ ಒಬ್ಬರು ಅವರು. ಕರ್ನಾಟಕದ ತೋಟಗಳಲ್ಲೇ ಇಪ್ಪತ್ತು ವರ್ಷ ಬೋರ್ ಕೊರೆದು ಕಲಿತ ಕನ್ನಡ. ಕುಶಲ ಕೇಳಿದರು, ನನ್ನ ತಾಯಿಯ ಮಂಡಿನೋವು ಕೇಳಿದರು, ಆಮೇಲೆ ಅಡಿಗೆಯವರ ವಿಷಯ ಎತ್ತಿದರು. ನಾನು ಡಬ್ಬಿ ಮುಚ್ಚಿದೆ.

ಲಾರಿಯಲ್ಲಿ ಮೂವರಿದ್ದರು. ಮೇಸ್ತ್ರಿ, ಡ್ರೈವರ್, ಮತ್ತು ಅಡಿಗೆಯವರು. ಅಡಿಗೆಯವರಿಗೆ ಆಗಲೇ ಐವತ್ತು ದಾಟಿತ್ತು. ವರ್ಷಗಟ್ಟಲೆ ಕೊರೆಯುವ ಸದ್ದಿನ ಪಕ್ಕ ಒಲೆ ಹೂಡಿ ಕಿವಿ ಮಂದವಾಗಿತ್ತು. ಅವರು ಅಟ್ಟ ಹತ್ತಲಿಲ್ಲ. ಗುಂಪು ನಮ್ಮ ಮನೆಯಿಂದ ವಾಪಸ್ಸು ಹೋಗುವಾಗ ಪಂಪ್‌ಹೌಸಿನ ಹತ್ತಿರ ಅಡಿಗೆಯವರು ಆ ಏಳು ಜನರ ಕೈಗೆ ಸಿಕ್ಕಿದರು. ಬಲಗೈಯ ಮಣಿಕಟ್ಟು ಎರಡು ಕಡೆ ಮುರಿಯಿತು. ಆಮೇಲೆ ಬೆರಳು ಮಡಚಲು ಬರಲಿಲ್ಲ, ಲಾರಿಯ ಕೆಲಸ ಬಿಟ್ಟರು. ಈಗ ಮಗಳ ಮನೆಯಲ್ಲಿದ್ದಾರೆ.

ಆ ಮಗಳೇ ತಮಿಳಿನಲ್ಲಿ ಬಂದ ಕಥೆಯನ್ನು ಅವರಿಗೆ ಓದಿ ಹೇಳಿದ್ದು. ಊರು, ಲಾರಿ, ಕೊಬ್ಬರಿ ಅಟ್ಟ ಎಲ್ಲ ಗುರುತು ಸಿಕ್ಕಿದೆ.

"ಎಲ್ಲ ಚೆನ್ನಾಗಿ ಕೇಳಿದರು ಸಾರ್," ಎಂದರು ಮೇಸ್ತ್ರಿ. "ಕಥೆಯಲ್ಲಿ ನಿಮ್ಮ ಅಮ್ಮ ಬರುವಾಗ ಅವರ ಕಣ್ಣಲ್ಲಿ ನೀರು. ಮುಗಿದ ಮೇಲೆ ಒಂದೇ ಒಂದು ಮಾತು ಕೇಳಿದರು. ಆಗ ನಾನು ಎಲ್ಲಿ ಇದ್ದೆ, ಅಂತ."

ಇಷ್ಟೇ ಆಗಿದ್ದರೆ ನಾನು ಏನಾದರೂ ಸಮಜಾಯಿಷಿ ಕೊಡುತ್ತಿದ್ದೆ. ಆದರೆ ಮೇಸ್ತ್ರಿ ಇನ್ನೂ ಹೇಳಿದರು. ಕೈ ಹೋದದ್ದು ಹೇಗೆ ಎಂದು ಅಡಿಗೆಯವರು ಮನೆಯಲ್ಲಿ ಇಷ್ಟು ವರ್ಷ ಹೇಳುತ್ತ ಬಂದಿದ್ದರಲ್ಲ, ಅದಕ್ಕೆ ಈಗ ನನ್ನ ಕಥೆ ಅಡ್ಡ ನಿಂತಿದೆ. ಅಳಿಯ ಕಥೆ ಕೇಳಿ ನಕ್ಕನಂತೆ. ಅಚ್ಚಾದದ್ದರಲ್ಲಿ ಇದ್ದವರು ಇಬ್ಬರೇ, ಇಬ್ಬರೂ ಉಳಿದರು, ಮಾವ ಎಲ್ಲೋ ಕುಡಿದು ಬಿದ್ದು ಕೈ ಮುರಿದುಕೊಂಡಿರಬೇಕು ಎಂದನಂತೆ. ಆವತ್ತಿನಿಂದ ಅಡಿಗೆಯವರು ಆ ಮಾತೇ ಎತ್ತುವುದಿಲ್ಲ. ಸರಿಯಾಗಿ ಬರೆದುಕೊಡಿ ಸಾರ್, ಅಳಿಯನಿಗೆ ತೋರಿಸಬೇಕು, ಎಂದರು ಮೇಸ್ತ್ರಿ. ಬೈಯಲಿಲ್ಲ. ರೇಷನ್ ಕಾರ್ಡಿನಲ್ಲಿ ಬಿಟ್ಟುಹೋದ ಹೆಸರು ಸೇರಿಸಿಕೊಡಿ ಎಂದು ಕೇಳುವ ಹಾಗೆ ಕೇಳಿದರು.

ನಾನು ಅವರನ್ನು ಮರೆತಿರಲಿಲ್ಲ. ಮರೆತದ್ದಕ್ಕೂ ತೆಗೆದದ್ದಕ್ಕೂ ವ್ಯತ್ಯಾಸವಿದೆ. ಮೊದಲ ಕರಡಿನಲ್ಲಿ ಅವರಿದ್ದರು, ಎರಡನೆಯದರಲ್ಲೂ ಇದ್ದರು. ಮೂರನೆಯದರಲ್ಲಿ ಹೊಡೆದುಹಾಕಿದೆ. ಅವರಿದ್ದರೆ ಕಥೆ ಅಟ್ಟದ ಸದ್ದಿನಲ್ಲಿ ನಿಲ್ಲುತ್ತಿರಲಿಲ್ಲ, ಪಂಪ್‌ಹೌಸಿನವರೆಗೂ ಹೋಗಬೇಕಿತ್ತು.

ಆಗ ನಾನು ಬೇರೆ ದೇಶಗಳ ಕಾದಂಬರಿಗಳನ್ನು ಅನುವಾದದಲ್ಲಿ ಒಂದರ ಹಿಂದೊಂದು ಓದುತ್ತಿದ್ದೆ. ತಿಪಟೂರಿನಲ್ಲಿ ನಾವು ಹತ್ತು ಹನ್ನೆರಡು ಮಂದಿ ತಿಂಗಳಿಗೊಮ್ಮೆ ಸೇರಿ ಓದುತ್ತಿದ್ದೆವು, ಈಗಲೂ ಸೇರುತ್ತೇವೆ. ಒಂದೇ ಬಾವಿಯ ನೀರು ಕುಡಿದವರು ಭಾಷೆಯ ಹೆಸರಿನಲ್ಲಿ, ಬುಡಕಟ್ಟಿನ ಹೆಸರಿನಲ್ಲಿ ಒಬ್ಬರನ್ನೊಬ್ಬರು ಕಡಿದ ಪುಸ್ತಕಗಳು. ಉಚ್ಚರಿಸಲು ಬಾರದ ಊರುಗಳಿಗಾಗಿ ನಾವು ಮರುಗಿದೆವು. ಸುಳ್ಳು ಮರುಕವಲ್ಲ ಅದು. ಆದರೆ ಓದುತ್ತ ಓದುತ್ತ ನನಗೊಂದು ಅಚ್ಚು ಸಿಕ್ಕಿಬಿಟ್ಟಿತ್ತು: ಅಡಗಲು ಒಂದು ಜಾಗ, ಒಂದು ಸದ್ದು, ಕೊನೆ ಗಳಿಗೆಯಲ್ಲಿ ಮನುಷ್ಯನಾಗುವ ಒಬ್ಬ ನೆರೆಯವನು. ನಮ್ಮ ಮನೆಯಲ್ಲಿ ಮೂರೂ ಇದ್ದವು. ಅಡಿಗೆಯವರೊಬ್ಬರೇ ಅಚ್ಚಿನ ಆಚೆ ಉಳಿದರು.

ಈಗ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ ಎಂದರೆ ನಂಬಬೇಡಿ. ನನಗೆ ಗೊತ್ತಿರುವಷ್ಟು ಬರೆಯುತ್ತೇನೆ.

ಅಪ್ಪ ಅಂದು ಹುಳಿಯಾರಿಗೆ ಹೋಗಿದ್ದರು. ಅವ್ವನ ಪ್ರಕಾರ ಹುಳಿಯಾರಲ್ಲ, ಚಿಕ್ಕನಾಯಕನಹಳ್ಳಿ. ಟಿ.ವಿ.ಯಲ್ಲಿ ಬೆಳಗಿನಿಂದ ಪೇಟೆಗಳಲ್ಲಿ ಟೈರು ಸುಡುವುದನ್ನೇ ತೋರಿಸುತ್ತಿದ್ದರು. ಊಟದ ಹೊತ್ತಿಗೆ ಸ್ವಲ್ಪ ಮುಂಚೆ, ಊರ ಮುಂದೆ ಬೈಕುಗಳು ಸೇರುತ್ತಿವೆ ಎಂದು ಯಾರೋ ಅವ್ವನಿಗೆ ಬಂದು ಹೇಳಿದರು. ಲಾರಿಯವರನ್ನು ಮನೆಗೆ ಕರೆದುಕೊಂಡು ಬಾ ಎಂದು ಅವಳು ನನ್ನನ್ನು ತೋಟಕ್ಕೆ ಓಡಿಸಿದಳು. ನಾನು ಓಡಿದೆ. ಮೇಸ್ತ್ರಿ, ಡ್ರೈವರ್ ಲಾರಿಯ ನೆರಳಲ್ಲಿ ಕೂತಿದ್ದರು. ಪಕ್ಕದಲ್ಲಿ ಮೂರು ಕಲ್ಲಿನ ಒಲೆ, ಅದರ ಮೇಲೊಂದು ಪಾತ್ರೆ. ಅಡಿಗೆಯವರು ಅಕ್ಕಿ ತೊಳೆಯಲು ಪಂಪ್‌ಹೌಸಿನ ತೊಟ್ಟಿಗೆ ಹೋಗಿದ್ದರು. ತೊಟ್ಟಿ ಅಲ್ಲಿಂದ ಮೂವತ್ತು ಸಾಲು ತೆಂಗಿನ ಆಚೆ. ಮೇಸ್ತ್ರಿ ಅತ್ತ ತಿರುಗಿ ಒಂದೆರಡು ಸಲ ಕೂಗಿದರು, ಕಿವಿ ಮಂದವಾದವರಿಗೆ ಅದು ಕೇಳಲಿಲ್ಲ. ನಾನು ಇಬ್ಬರನ್ನು ಕರೆದುಕೊಂಡು ಬಂದೆ.

ಮೇಸ್ತ್ರಿಯ ಫೋನ್ ಬಂದ ದಿನ ಸಂಜೆ ಅವ್ವನನ್ನು ಕೇಳಿದೆ. ಮೂರು ಜನರಲ್ಲಿ ಇಬ್ಬರೇ ಬಂದಾಗ ನೀನು ಏನೂ ಕೇಳಲಿಲ್ಲವೇ ಎಂದೆ. ತಪ್ಪಿನಲ್ಲಿ ಅವಳಿಗೂ ಒಂದು ಪಾಲು ಇರಲಿ ಎಂಬ ಆಸೆ ನನ್ನ ದನಿಯಲ್ಲಿ ಇದ್ದಿರಬೇಕು.

"ಕೇಳ್ದೆ ಕಣ್ಲಾ," ಎಂದಳು. "ಇನ್ನೊಬ್ಬ ಎಲ್ಲಿ ಅಂದೆ. ಬತ್ತವ್ನೆ ಅಂದೆ ನೀನು."

ನನಗೆ ಆ ಮಾತು ಆಡಿದ ನೆನಪಿಲ್ಲ. ಎಷ್ಟು ಹುಡುಕಿದರೂ ಇಲ್ಲ. ಏಣಿ ಎತ್ತಿದ್ದು, ಡ್ರೈವರಿನ ಅಂಗಾಲಿಗೆ ಮೆತ್ತಿದ್ದ ಬೂದಿ ಬಣ್ಣದ ಕಲ್ಲುಪುಡಿ, ಇವೆಲ್ಲ ಇವೆ. ಆ ಒಂದು ಮಾತು ಮಾತ್ರ ಇಲ್ಲ. ಅವ್ವ ಸುಳ್ಳು ಹೇಳುವವಳಲ್ಲ ಎಂದು ಬರೆದರೆ ಅದು ಇನ್ನೊಂದು ಕಥೆಯ ವಾಕ್ಯದಂತೆ ಕೇಳುತ್ತದೆ. ಅವಳಿಗೆ ನನ್ನಿಂದ ಏನೂ ಬೇಕಿರಲಿಲ್ಲ, ಅದಕ್ಕೇ ನಂಬುತ್ತೇನೆ.

ಗುಂಪು ಮೊದಲು ಲಾರಿಯ ಹತ್ತಿರ ಹೋಗಿ ಮುಂದಿನ ಗಾಜು ಒಡೆದು, ಆಮೇಲೆ ಮನೆಗೆ ಬಂತು. ಮುಂದೆ ಇದ್ದವನು ನಮ್ಮ ದಾಯಾದಿ, ಪಕ್ಕದ ತೋಟದವನು, ನಾನು ಅಣ್ಣ ಎಂದೇ ಕರೆಯುವವನು. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬಂದ. ಏಳೂ ಜನ ಚಪ್ಪಲಿ ಬಿಟ್ಟಿದ್ದರು.

"ಒಲೆ ಉರೀತೈತೆ, ಜನ ಇಲ್ಲ. ಎಲ್ಲವ್ರೆ ಚಿಕ್ಕವ್ವ?"

ಹೆದರಿಕೊಂಡು ಎತ್ತಲೋ ಓಡಿಹೋದರು ಎಂದಳು ಅವ್ವ. ಆಗಲೇ ಮೇಲೆ ಕಾಯಿ ಉರುಳಿದ್ದು. ಒಂದಲ್ಲ, ನಾಲ್ಕೈದು. ಏಳು ಜನರೂ ತಲೆ ಎತ್ತಲಿಲ್ಲ. ತಲೆ ಎತ್ತದೆ ಇರುವುದು ಎಷ್ಟು ಕಷ್ಟ ಎಂದು ಅವರ ಕತ್ತು ನೋಡಿದರೆ ಗೊತ್ತಾಗುತ್ತಿತ್ತು.

"ಕೊಬ್ಬರಿ ಆಗೈತೆ ಚಿಕ್ಕವ್ವ," ಎಂದ ಅಣ್ಣ.

"ಅಮಾಸೆ ಕಳೀಲಿ ಬುಡಪ್ಪ, ಇಳಿಸ್ತೀವಿ."

ಅವರು ಹೊರಟರು. ನನ್ನ ಕಥೆ ಇಲ್ಲಿಗೆ ಮುಗಿಯುತ್ತದೆ.

ಆದರೆ ಅವರು ಮನೆಗೆ ಹೋಗಲಿಲ್ಲ. ತೋಟದೊಳಗೆ ತಿರುಗಿದರು. ಇಬ್ಬರನ್ನು ಬಿಟ್ಟುಕೊಟ್ಟದ್ದು ಅವರೊಳಗೆ ಏನು ಮಾಡಿತೋ ನನಗೆ ಗೊತ್ತಿಲ್ಲ. ಇದ್ದಬದ್ದ ಕರುಣೆ ನಡುಮನೆಯಲ್ಲೇ ಖರ್ಚಾಗಿ ಹೋಯಿತೋ, ಕೇಳಿಯೂ ಕೇಳದಂತಿದ್ದ ಸಿಟ್ಟನ್ನು ಯಾರ ಮೇಲಾದರೂ ಇಳಿಸಬೇಕಿತ್ತೋ. ಇದನ್ನು ಎಷ್ಟೋ ಸಲ ಯೋಚಿಸಿದ್ದೇನೆ. ಯೋಚಿಸಿದಷ್ಟೂ ಅದು ಜಾಣ ಮಾತಾಗುತ್ತದೆ, ಕೈ ಮುರಿದದ್ದು ಹಿಂದಕ್ಕೆ ಸರಿಯುತ್ತದೆ.

ಮುಕ್ಕಾಲು ಗಂಟೆಯ ಮೇಲೆ ಅದೇ ಅಣ್ಣ ತನ್ನ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದ. ಅಡಿಗೆಯವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದ್ದ. ಬಾ, ತಿಪಟೂರಿಗೆ ಹೋಗಾನ, ಎಂದ. ನಾನು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಅವರ ಊದಿದ ಮುಂಗೈಗೆ ಎರಡು ಅಕ್ಕಿ ಕಾಳು ಅಂಟಿದ್ದವು. ಬೇರೆ ಏನನ್ನು ಅನುಮಾನಿಸಿದರೂ ಇದನ್ನು ಅನುಮಾನಿಸಲಾರೆ, ಆ ಎರಡು ಬಿಳಿ ಕಾಳುಗಳನ್ನು ಪ್ರಮಾಣ ಮಾಡಿ ಹೇಳಬಲ್ಲೆ. ಮಾರನೆಯ ದಿನ ಪೊಲೀಸರ ಕಾವಲಿನಲ್ಲಿ ಲಾರಿ ಹೊರಟಿತು. ಅರ್ಧ ಕೊರೆದ ಬೋರಿನ ಬಾಯಿಗೆ ಅಪ್ಪ ಚಪ್ಪಡಿ ಮುಚ್ಚಿದರು.

ಕಥೆ ಬಂದ ಮೇಲೆ ಆದ ಇನ್ನೊಂದನ್ನು ಹೇಳದಿದ್ದರೆ ಇದೂ ಅರ್ಧವಾಗುತ್ತದೆ. ಅಣ್ಣ ಅದನ್ನು ಜೆರಾಕ್ಸ್ ಮಾಡಿಸಿ ಇಟ್ಟುಕೊಂಡ. ಮದುವೆ ಮನೆಗಳಲ್ಲಿ, ಕೊಬ್ಬರಿ ಹರಾಜಿನ ದಿನ ಮಾರುಕಟ್ಟೆಯಲ್ಲಿ, ಸದ್ದು ಕೇಳಿಯೂ ಕೇಳದಂತೆ ಹೋದವನು ನಾನೇ ಎಂದು ಹೇಳಿಕೊಂಡ. ಮೊದಮೊದಲು ಜನ ತಮಾಷೆ ಮಾಡಿದರು. ಆಮೇಲೆ ನಿಜವಾಗಿ ಗೌರವ ಕೊಡತೊಡಗಿದರು. ಅವನೂ ಅದಕ್ಕೆ ತಕ್ಕಂತೆ ಬದಲಾದ, ಅಥವಾ ನನಗೆ ಹಾಗೆ ಕಂಡಿತು. ನಮ್ಮ ಕಾಯಿ ಸಾಗಿಸಲು ತನ್ನ ಟ್ರ್ಯಾಕ್ಟರ್ ಕಳಿಸುತ್ತಾನೆ. ಅಪ್ಪ ತೀರಿಕೊಂಡಾಗ ಹೆಗಲು ಕೊಟ್ಟ.

ತಿಪಟೂರಿನ ನಮ್ಮ ಓದುಬಳಗ ಈ ಸಲ ಜನಾಂಗದ್ವೇಷ ಮತ್ತು ಸಾಹಿತ್ಯ ಎಂದು ವಿಷಯ ಇಟ್ಟುಕೊಂಡು, ನನ್ನ ಕಥೆಯನ್ನೇ ಓದಬೇಕು ಎಂದಿತು. ಅಣ್ಣನೂ ಬಂದ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಎರಡನೆಯ ಸಾಲಿನಲ್ಲಿ ಕೂತ. ನಾನು ಕಾಯಿ ಉರುಳುವವರೆಗೆ ಓದಿದೆ. ಅಲ್ಲಿ ನಿಲ್ಲಿಸಿ, ಮೂರನೆಯವರೊಬ್ಬರು ಇದ್ದರು, ಪಂಪ್‌ಹೌಸಿನ ತೊಟ್ಟಿಯಲ್ಲಿ ಅಕ್ಕಿ ತೊಳೆಯುತ್ತಿದ್ದರು, ಇದೇ ಗುಂಪು ಅವರ ಕೈ ಮುರಿಯಿತು, ಅದನ್ನು ನಾನು ಬೇಕೆಂದೇ ಬಿಟ್ಟಿದ್ದೆ ಎಂದು ಹೇಳಿದೆ. ಅಣ್ಣನ ಕಡೆ ನೋಡಲಿಲ್ಲ. ಹೇಳಿದ ಮೇಲೆ ಎದೆ ಹಗುರಾಗಿತ್ತು. ಆ ಹಗುರ ನನಗೆ ಅಲ್ಲೇ ಹಿಡಿಸಲಿಲ್ಲ.

ಚರ್ಚೆ ಚೆನ್ನಾಗಿಯೇ ನಡೆಯಿತು. ಒಬ್ಬ ಹಿರಿಯರು, ನಮ್ಮೆಲ್ಲರಿಗಿಂತ ಹೆಚ್ಚು ಓದಿದವರು, ಮೂರನೆಯವನು ಬಂದರೆ ಕಥೆಯ ಬಿಗಿ ಹೋಗುತ್ತದೆ, ನೀವು ಕೈಬಿಟ್ಟದ್ದೇ ಸರಿ ಎಂದರು. ಮೂರನೆಯ ಕರಡು ಬರೆಯುವಾಗ ನನಗೆ ನಾನೇ ಹೇಳಿಕೊಂಡ ಮಾತು ಅದು, ಅಕ್ಷರಕ್ಕೆ ಅಕ್ಷರ.

ಮರುದಿನ ಬೆಳಗ್ಗೆ ಅಣ್ಣ ಮನೆಗೆ ಬಂದ. ಅವ್ವ ಅಂಗಳದಲ್ಲಿ ಅಟ್ಟದಿಂದ ಇಳಿಸಿದ ಕಾಯಿಯನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಬೇರೆ ಮಾಡುತ್ತಿದ್ದಳು. ಅವನು ಕೂರಲಿಲ್ಲ.

"ನೆನ್ನೆ ಅರ್ಧ ಹೇಳ್ದೆ ಕಣಪ್ಪ," ಎಂದ. "ನಾವು ಪಂಪ್‌ಹೌಸ್ ಕಡೀಕೆ ತಿರುಗ್ದಾಗ ನೀನು ಬಾಗ್ಲಲ್ಲಿ ನಿಂತಿದ್ದೆ. ನಾನು ತಿರುಗಿ ನೋಡ್ದೆ. ಆವಯ್ಯ ಅಲ್ಲವ್ನೆ ಅಂತ ನಿಂಗೆ ಗೊತ್ತಿತ್ತು. ಒಂದು ಕೂಗು ಹಾಕ್ಲಿಲ್ಲ ನೀನು. ನನ್ನ ಬರಿ, ಬ್ಯಾಡ ಅನ್ನಲ್ಲ. ನಿನ್ನೂ ಬರ್ಕೊ."

ಹೊಡೆದವರು ಯಾರು ಎಂದು ಕೇಳಿದೆ. ಅದೇ ಮೊದಲ ಸಲ ಕೇಳಿದ್ದು. ಏಳು ಜನ ಇದ್ದೋ, ಎಂದ. ಅಷ್ಟೇ. ಅವ್ವ ಕಾಯಿ ಅಲ್ಲಾಡಿಸುವುದನ್ನು ನಿಲ್ಲಿಸಿರಲಿಲ್ಲ. ಅವನು ಹೋದ ಮೇಲೂ ನಿಲ್ಲಿಸಲಿಲ್ಲ.

ಬಾಗಿಲಲ್ಲಿ ನಿಂತಿದ್ದು ನೆನಪಿದೆ. ಬಾಗಿಲ ಚೌಕಟ್ಟು ಬೆನ್ನಿಗೆ ತಾಗಿದ್ದು ನೆನಪಿದೆ. ಅವರು ಯಾವ ಕಡೆ ತಿರುಗಿದರು ಎಂಬುದು ನೆನಪಿಲ್ಲ ಎಂದು ಬರೆಯಲು ಹೊರಟಿದ್ದೆ. ಬರೆಯುವುದಿಲ್ಲ. ನಾನು ಕೂಗಿದ್ದರೂ ಅಡಿಗೆಯವರಿಗೆ ಕೇಳುತ್ತಿರಲಿಲ್ಲ ಎಂದೂ ಬರೆಯುವುದಿಲ್ಲ. ಅದು ಅವರಿಗೆ ಹಾಕಬೇಕಿದ್ದ ಕೂಗಲ್ಲ, ಅಣ್ಣನಿಗೆ ಹಾಕಬೇಕಿದ್ದದ್ದು.

ಇಲ್ಲಿಯವರೆಗಿನದನ್ನು ಬರೆದು, ಅಚ್ಚಿಗೆ ಕೊಡುವ ಮುಂಚೆ ಅಡಿಗೆಯವರು ಕೇಳಬೇಕು ಎಂದು ಮೇಸ್ತ್ರಿಗೆ ಫೋನ್ ಮಾಡಿದೆ. ಒಂದು ಭಾನುವಾರ ಬೆಳಗ್ಗೆ ಮೇಸ್ತ್ರಿ ಅಡಿಗೆಯವರ ಮಗಳ ಮನೆಗೆ ಹೋಗಿ ಕೂತು, ಫೋನಿನ ಸ್ಪೀಕರ್ ಹಾಕಿದರು. ಅಳಿಯನೂ ಅಲ್ಲೇ ಇದ್ದಾನೆ ಎಂದರು. ಎಲ್ಲೋ ಒಂದು ಕುಕ್ಕರ್ ಕೂಗುತ್ತಿತ್ತು. ನಾನು ಒಂದೊಂದು ಪ್ಯಾರಾ ಓದಿದೆ, ಅವರು ತಮಿಳಿನಲ್ಲಿ ಗಟ್ಟಿಯಾಗಿ ಹೇಳಿದರು. ಬತ್ತವ್ನೆ ಎಂಬ ಮಾತನ್ನು ಅವರು ಹೇಗೆ ಹೇಳಿದರೋ ಗೊತ್ತಿಲ್ಲ. ಕಾರಿನವರೆಗೆ ಬಂದಾಗ ಅಡಿಗೆಯವರು ತಡೆದರು.

"ಅಕ್ಕಿ ಅಲ್ಲವಂತೆ ಸಾರ್," ಎಂದರು ಮೇಸ್ತ್ರಿ. "ಅಕ್ಕಿ ಆಗಲೇ ಒಲೆ ಮೇಲೆ ಇತ್ತಂತೆ. ತೊಟ್ಟಿಯಲ್ಲಿ ತೊಳೆದದ್ದು ತೊಗರಿಬೇಳೆ."

ನಾನು ಪ್ರಮಾಣ ಮಾಡಿದ ಎರಡು ಬಿಳಿ ಕಾಳುಗಳು! ಮೇಲೆ ಅಕ್ಕಿ ಎಂದು ಬರೆದಿರುವ ಕಡೆಯೆಲ್ಲ ತಿದ್ದದೆ ಹಾಗೇ ಬಿಟ್ಟಿದ್ದೇನೆ, ನನ್ನ ಪ್ರಮಾಣದ ಬೆಲೆ ಎಷ್ಟು ಎಂದು ಓದುವವರಿಗೆ ಗೊತ್ತಿರಲಿ.

ಅಡಿಗೆಯವರು ಇನ್ನೂ ಏನೋ ಹೇಳುತ್ತಿದ್ದರು. ಮೇಸ್ತ್ರಿ ತುಣುಕು ತುಣುಕಾಗಿ ಕನ್ನಡಕ್ಕೆ ತಂದರು. ಒಲೆಯ ಹತ್ತಿರ ಯಾರೂ ಇರಲಿಲ್ಲವಲ್ಲ, ಅನ್ನ ತಳ ಹಿಡಿಯಿತು. ಸೀದ ವಾಸನೆ ತೊಟ್ಟಿಯವರೆಗೂ ಬಂತು. ಇವರಿಬ್ಬರು ಅಲ್ಲೇ ಕೂತುಕೊಂಡು ನೋಡಿಕೊಳ್ಳಬಾರದೇ ಎಂದು ಬೈದುಕೊಳ್ಳುತ್ತ ಅನ್ನ ಇಳಿಸಲು ಓಡಿದರು. ಪಂಪ್‌ಹೌಸಿನ ಮೂಲೆ ತಿರುಗಿದರೆ ಎದುರಿಗೆ ಜನ. ಅವರನ್ನು ಬದಿಗೆ ಸರಿಸಿ ಮುಂದೆ ಹೋಗಲು ನೋಡಿದರಂತೆ, ಅನ್ನ ಹೋಗುತ್ತದೆ ಎಂದು.

ಫೋನ್ ಕೆಳಗಿಟ್ಟು ಅಡಿಗೆಮನೆ ಬಾಗಿಲಿಗೆ ಹೋಗಿ, ಆ ದಿನ ಅನ್ನ ಸೀದಿತ್ತಾ ಎಂದು ಅವ್ವನನ್ನು ಕೇಳಿದೆ.

"ಆ ಪಾತ್ರೆ ಉಜ್ಜಿ ಕೊಟ್ಟು ಕಳಿಸ್ದೋಳು ನಾನು," ಎಂದಳು. "ನೀನ್ಯಾವತ್ತು ಕೇಳ್ದೆ?"

ನಮ್ಮೂರಿನಲ್ಲಿ ಆ ದಿನ ಯಾರೂ ಟೈರು ಸುಟ್ಟಿರಲಿಲ್ಲ. ಟಿ.ವಿ.ಯ ಬೆಂಕಿಗೆ ನನ್ನ ಮೂಗಿಗೆ ಬಂದ ಸೀದ ವಾಸನೆ ಸೇರಿಸಿ ಕಥೆಯ ಕೊನೆಯ ಸಾಲು ಮಾಡಿಕೊಂಡಿದ್ದೆ. ಸಂಕಲನಕ್ಕೆ ಮುನ್ನುಡಿ ಬರೆದವರು ಮೆಚ್ಚಿದ ಸಾಲು ಅದು.

ನಾನು ಫೋನಿಗೆ ವಾಪಸ್ಸು ಬಂದಾಗ ಅಡಿಗೆಯವರು ಮತ್ತೆ ಮೊದಲಿನಿಂದ ಶುರು ಮಾಡಿದ್ದರು. ಲಾರಿ, ಒಲೆ, ಬೇಳೆ. ಅಲ್ಲಲ್ಲಿ ನನಗೂ ತಿಳಿಯುವ ಒಂದೊಂದು ತಮಿಳು ಮಾತು. ನಡುವೆ ಬೇರೊಂದು ಗಂಡುದನಿ, ಅಳಿಯನದೇ ಇರಬೇಕು, ಏನೋ ಕೇಳಿತು, ಅವರು ಉತ್ತರ ಕೊಟ್ಟು ಮುಂದುವರಿಸಿದರು. ಮೇಸ್ತ್ರಿ ಕನ್ನಡದಲ್ಲಿ ಹೇಳುವುದನ್ನು ನಿಲ್ಲಿಸಿದ್ದರು. ನಾನು ಕಾಗದ ಮಡಚಿ, ಕೇಳುತ್ತ ಕೂತೆ.